ಯಸಳೂರಿನ ಕಣದಲ್ಲಿ ನನ್ನ ವೈವಾ

ಮೈಸೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು, ನಾನು ಮತ್ತು ನನ್ನ ಗೈಡ್ ಮೇಷ್ಟ್ರು. ತೊಂಬತ್ತರ ದಶಕದ ಕೊನೆಯ ಒಂದು ಜನವರಿ, ಶನಿವಾರ. ಲೋಕದವರ ಪಿಎಚ್.ಡಿ. ವೈವಾ ಎಲ್ಲ ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ ನಡೆದರೆ ನನ್ನದು ಕಾಫಿ ಎಸ್ಟೇಟಿನಲ್ಲಿ! ಪರೀಕ್ಷಕರಾಗಿದ್ದ ನಿವೃತ್ತ ಪ್ರೊಫೆಸರು ಯಸಳೂರಿನ ಹತ್ತಿರ ತಮ್ಮನ ಎಸ್ಟೇಟಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ವೈವಾ ಮುಂದೆ ಹೋದರೆ ನಾನು ಕೆಟ್ಟೆ. ಖಾಯಂ ಲೆಕ್ಚರರ್ ಹುದ್ದೆಗೆ ಮುಂದಿನ ವಾರವೇ ಸಂದರ್ಶನ, ಡಾಕ್ಟರೇಟ್ ಇಲ್ಲದವರು ಆ ಕಡೆ ತಲೆ ಹಾಕುವಂತಿರಲಿಲ್ಲ. ಆರೋಗ್ಯ ಶಿಕ್ಷಣ ವಿಭಾಗದಲ್ಲಿ ವರ್ಷಗಟ್ಟಲೆ ತಾತ್ಕಾಲಿಕವಾಗಿ ದುಡಿದು ನನಗೆ ಸಾಕುಬೇಕಾಗಿತ್ತು. ಕೊನೆಗೆ ಕುಲಪತಿಗಳು, ಅಲ್ಲೇ ಹೋಗಿ ಮುಗಿಸಿ, ಆದರೆ ಯಾರು ಬೇಕಾದರೂ ಬಂದು ಕೂತು ಪ್ರಶ್ನೆ ಕೇಳುವಂತಿರಬೇಕು ಎಂದು ಅನುಮತಿ ಕೊಟ್ಟರು.

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಎರಡು ಪ್ಲೇಟ್ ಇಡ್ಲಿ ಹೊಡೆದರು. ನಾನು ಕಾಫಿಯನ್ನೂ ಮುಟ್ಟಲಿಲ್ಲ. ಅಲ್ಲಿಂದ ಸಕಲೇಶಪುರಕ್ಕೆ ಹನ್ನೆರಡು ರೂಪಾಯಿ ಟಿಕೆಟ್ಟು. ಆಲೂರಿನಲ್ಲಿ ಕುಂದೂರು, ಕೆ. ಹೊಸಕೋಟೆಯ ಬಸ್ಸುಗಳು ನಿಂತಿದ್ದವು. ನನ್ನ ಸಂಶೋಧನೆ ನಡೆದದ್ದು ಆ ಊರುಗಳಲ್ಲೇ.

ನಮ್ಮ ಕಡೆ ಊರಿನ ಸಭೆಯಲ್ಲಿ ‘ನೀರು ಕುದಿಸಿ ಕುಡೀರಿ, ಒಪ್ಪಿದ್ರಾ?’ ಎಂದರೆ ಎಲ್ಲರೂ ‘ಹೂಂ’ ಎನ್ನುತ್ತಾರೆ. ನಾವು ಅದನ್ನೇ ಬರೆದುಕೊಂಡು ಜನ ಬದಲಾದರು ಎಂದು ವರದಿ ಕೊಡುತ್ತಿದ್ದೆವು. ನಾನು ಮನೆಮನೆಗೆ ಹೋಗಿ ನೋಡಿದರೆ ಹೂಂ ಅಂದವರ ಒಲೆಯ ಮೇಲೆ ಕುಡಿಯುವ ನೀರಿನ ಪಾತ್ರೆಯೇ ಇಲ್ಲ! ‘ಸೌದೆ ನಿಮ್ಮಪ್ಪ ತಂದು ಹಾಕ್ತಾನಾ?’ ಎಂದು ಜಗಳಕ್ಕೆ ಬಂದವರ ಮನೆಯಲ್ಲೇ ನೀರು ಕುದಿಯುತ್ತಿತ್ತು. ಹೂಂ ಅಂದರೆ ‘ಕೇಳಿಸಿತು’ ಅಂತ, ‘ಒಪ್ಪಿದೆ’ ಅಂತಲ್ಲ. ನನ್ನ ಪ್ರಬಂಧದ ಸಾರ ಇಷ್ಟೇ.

ತೊಂದರೆ ಏನೆಂದರೆ, ಆ ಹೂಂ ಲೆಕ್ಕವನ್ನು ನಮಗೆಲ್ಲ ಕಲಿಸಿದವರು ಈ ಪ್ರೊಫೆಸರೇ. ಮಲೇರಿಯಾ ಇಲಾಖೆಯಲ್ಲಿ ಗೋಡೆಗಳಿಗೆ ಡಿಡಿಟಿ ಹೊಡೆಸುತ್ತಾ ನೌಕರಿ ಶುರು ಮಾಡಿ, ರಾತ್ರಿ ಓದಿ ಪದವಿ ಪಡೆದು, ಲೆಕ್ಚರರಾಗಿ, ನಮ್ಮ ವಿಭಾಗವನ್ನೇ ಕಟ್ಟಿ ಅದರ ಮೊದಲ ಪ್ರೊಫೆಸರ್ ಆದವರು. ಅವರು ಬರೆದ ಪುಸ್ತಕವೇ ನಮ್ಮ ಪಠ್ಯ. “ಆ ಅಧ್ಯಾಯ ಒಂಚೂರು ಮೆತ್ತಗೆ ಬರಿ ಅಂತ ಬಡ್ಕೊಂಡೆ, ಕೇಳಿದ್ಯೇನಮ್ಮ?” ಎಂದರು ಮೇಷ್ಟ್ರು ಬಸ್ಸಿನಲ್ಲಿ. ಈಗ ಹೇಳಿ ಏನು ಪ್ರಯೋಜನ!

ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಯಸಳೂರು ಮುಟ್ಟಿದಾಗ ಮಧ್ಯಾಹ್ನ. ಚಳಿಗಾಲವಾದರೂ ಬಿಸಿಲು ಚುರುಕಾಗಿತ್ತು. ಪ್ರೊಫೆಸರರ ತಮ್ಮನ ಹೆಂಡತಿ ಲಲಿತಕ್ಕ ಬಾಗಿಲಲ್ಲೇ ಕೈಗೆ ನೀರು ಕೊಟ್ಟು, “ಮೊದ್ಲು ಉಣ್ಣಿ ಮಾರಾಯ್ರೆ, ಪರೀಕ್ಷೆ ಎಲ್ಲೂ ಓಡೋಗಲ್ಲ” ಎಂದು ಕಡುಬು, ಕೋಳಿ ಸಾರು ಬಡಿಸಿದರು. ತಟ್ಟೆಯಲ್ಲಿ ಕೈಯಾಡಿಸಿ ಎದ್ದೆ.

ಕಾಫಿ ಹಣ್ಣು ಹರವಿದ್ದ ಕಣದ ಅಂಚಿಗೆ ಕುರ್ಚಿ ಹಾಕಿದರು. ಪ್ರೊಫೆಸರು ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತರು. ಸಾರ್ವಜನಿಕರು ಅಂತ ಇದ್ದವರು ಲಲಿತಕ್ಕ ಮತ್ತು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ನಾನು ಶುರು ಮಾಡಿದೆ. ಪ್ರೊಫೆಸರು “ಹೂಂ” ಎಂದರು. ಮುಂದುವರಿಸಿದೆ. ಮತ್ತೆ “ಹೂಂ”. ಒಂದು ಪ್ರಶ್ನೆ ಇಲ್ಲ, ಒಂದು ಆಕ್ಷೇಪ ಇಲ್ಲ. ಅಯ್ಯೋ ದೇವರೇ, ಇವರು ನನ್ನನ್ನು ಮುಗಿಸಿದರು ಅಂದುಕೊಂಡೆ. ಆದರೂ ಮುಂದಿನ ಹಾಳೆ ತಿರುವಿದೆ.

ಲಲಿತಕ್ಕ ಸೆರಗು ಬಾಯಿಗಿಟ್ಟು ಕಿಸಕ್ಕನೆ ನಕ್ಕರು. “ಅಲ್ಲಾ ಭಾವ, ಆಗ್ಲಿಂದ ಬರೀ ಹೂಂ ಅಂತಾನೇ ಇದೀರಲ್ಲ! ಈ ಯಮ್ಮ ಹೇಳ್ದಂಗೆ ಆದ್ರೆ ನೀವು ಒಂದೂ ಒಪ್ಪಿಲ್ಲ ಅಂತಾಯ್ತು ಕಣ್ರೀ!”

ರೈಟರ್ ತಲೆ ತಗ್ಗಿಸಿದ. ಪ್ರೊಫೆಸರರ ಮುಖ ಕೆಂಪಾಯಿತು.

“ಒಪ್ಪಿಲ್ಲ! ಯಾಕೆ ಒಪ್ಬೇಕು?” ಎಂದು ಗುಡುಗಿದರು. “ಕೂಲಿಗೆ ಹೋಗೋ ಹೆಂಗಸು ತುಂಬಿದ ಸಭೇಲಿ ನನ್ನ ಹತ್ರ ಜಗಳ ಆಡ್ತಾಳೇನಮ್ಮ? ನಾನು ಇಡೀ ಸರ್ವೀಸಲ್ಲಿ ಒಬ್ಬಳನ್ನೂ ನೋಡಿಲ್ಲ!”

ಭಯ ಎಲ್ಲಿ ಹೋಯಿತೋ, ನನಗೂ ರೇಗಿತು. “ಆಡ್ತಾಳೆ ಸರ್, ಸಭೆ ಮುಗಿದ ಮೇಲೆ ಆಡ್ತಾಳೆ. ಅಷ್ಟು ಹೊತ್ತಿಗೆ ನೀವು ಜೀಪ್ ಹತ್ತಿರ್ತೀರಿ!”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಮೇಲೆ ನಡೆದದ್ದು ವೈವಾ ಅಲ್ಲ, ಬೀದಿ ಜಗಳ. ಅವರು ಒಂದಂದರೆ ನಾನು ಎರಡಂದೆ. ಬಿಸಿಲು ಕಣದ ಆಚೆ ತುದಿಗೆ ಸರಿಯುವವರೆಗೆ ಒಬ್ಬರೂ ಬಿಟ್ಟುಕೊಡಲಿಲ್ಲ. ಕೊನೆಗೆ ಪ್ರೊಫೆಸರು ಬಗ್ಗಿ ಪ್ಲಾಸ್ಟರ್ ಸವರಿಕೊಂಡರು.

“ಜೀಪು ಹತ್ತಿರ್ತಿದ್ದೆ, ನಿಜ” ಎಂದರು ಮೆಲ್ಲಗೆ. “ಮುಂದಿನ ಊರಿಗೆ ಹೊತ್ತಾಗ್ತಿತ್ತು ಕಣಮ್ಮ.” ಮೇಷ್ಟ್ರ ಕಡೆ ತಿರುಗಿ, “ಕೊಟ್ಬಿಡಯ್ಯ ಇವಳಿಗೆ ಡಿಗ್ರಿ. ನನ್ನ ಪುಸ್ತಕದ ಆ ಪಾಠ ಇನ್ನು ಯಾರೂ ಮಾಡೋದು ಬೇಡ” ಎಂದರು.

ಅಬ್ಬಾ! ಎದೆ ಮೇಲಿನ ಕಲ್ಲು ಇಳಿಯಿತು. ಧಡಕ್ಕನೆ ಹಸಿವಾಯಿತು. ಲಲಿತಕ್ಕನ ಅಡುಗೆಮನೆಗೆ ನಾನೇ ಹೋಗಿ ಕೂತು ಕಡುಬು ಹಾಕಿಸಿಕೊಂಡು ನಾಚಿಕೆ ಬಿಟ್ಟು ತಿಂದೆ. “ಈಗ ನೋಡು, ಮುಖಕ್ಕೆ ಕಳೆ ಬಂತು” ಎಂದರು ಅವರು. ಹೊರಡುವಾಗ ತಿರುಗಿ ನೋಡಿದರೆ ಪ್ರೊಫೆಸರು ನನ್ನ ಪ್ರಬಂಧವನ್ನು ಮೊದಲ ಪುಟದಿಂದ ಮತ್ತೆ ತೆರೆದಿದ್ದರು.

ಸಂಜೆ ಸಕಲೇಶಪುರದಿಂದ ವಾಪಸ್ ಬಸ್ಸು ಹತ್ತಿದೆವು. ಆಲೂರು ದಾಟಿದ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು.

“ಸೋಮವಾರ ಎಂ.ಎ.ಯವರಿಗೆ ಅದೇ ಪಾಠ ಇದೆ. ನೌಕರಿಗೆ ಸೇರಿದಾಗಿಂದ ಹೇಳ್ಕೊಂಡು ಬಂದಿದೀನಿ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ? ಆ ಕ್ಲಾಸು ನೀನು ತಗೋಮ್ಮ. ನಾನು ಹಿಂದಿನ ಬೆಂಚಲ್ಲಿ ಕೂತ್ಕೋತೀನಿ.”

“ಆಯ್ತು ಸರ್” ಎಂದೆ. ಹಾಸನ ಬರುವವರೆಗೂ ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ಒರೆಸಿಕೊಳ್ಳಲು ಹೋಗಲಿಲ್ಲ.