ಬೇಡ ಎಂದರೆ ನಂಬುವ ಯಂತ್ರ

ಮೊನ್ನೆ ಕಳಸದಲ್ಲಿ ಗೆಳೆಯ ಚನ್ನೇಶನ ಸ್ಟುಡಿಯೊಗೆ ಸುಣ್ಣ ಹೊಡೆಯುವಾಗ ಅಟ್ಟದಿಂದ ಹಳೆಯ ಹಾರ್ಡ್ ಡಿಸ್ಕೊಂದು ಇಳಿಯಿತು. ಇದ್ದವರು ನಾವಿಬ್ಬರೇ. ಕಂಪ್ಯೂಟರಿಗೆ ಸಿಕ್ಕಿಸಿದೆವು, ಟಿಕ್ ಟಿಕ್ ಎಂದಿತು. ಆ ಸದ್ದಿಗೆ ಅವನು ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ಗೋಡೆ ನೋಡಲು ಕಾರಣವಿದೆ. ಚನ್ನೇಶ ಮದುವೆಯ ವಿಡಿಯೊ ಮಾಡುವವನು. ಹಿಂದೆ ಮಲ್ಲಂದೂರಿನ ಮೆಣಸಿನ ವ್ಯಾಪಾರಿ ಗುರುಶಾಂತಪ್ಪನವರು ಮಗಳು ಸುಮಾಳನ್ನು ಇವನಿಗೆ ಕೊಡುವ ಯೋಚನೆಯಲ್ಲಿ, ಹುಡುಗನ ಕೆಲಸ ಎಂಥದ್ದೆಂದು ನೋಡಲು ಮಗಳೊಂದಿಗೆ ಸ್ಟುಡಿಯೊಗೆ ಬರುವುದೆಂದಾಯಿತು. ಚನ್ನೇಶ ಸುಮಾಳನ್ನು ಒಂದು ಮದುವೆಯಲ್ಲಿ ಕ್ಯಾಮೆರಾದೊಳಗಿಂದ ಕಂಡಿದ್ದ. ಆಮೇಲೆ ಅವತ್ತಿನ ವಿಡಿಯೊದಲ್ಲಿ ಮದುಮಗಳೇ ಸರಿಯಾಗಿ ಬಂದಿರಲಿಲ್ಲ. ಈ ಸಂಬಂಧ ತಪ್ಪಿದರೆ ಅವನಿಗೆ ಇನ್ನೊಂದು ಬೇಕಿರಲಿಲ್ಲ.

ಅವನ ಕಂಪ್ಯೂಟರ್ ಮುದುಕ. ವಿಡಿಯೊ ಸರಾಗ ಓಡಲೆಂದು ನಾನೇ ಒಂದು ಪ್ರೋಗ್ರಾಂ ಬರೆದುಕೊಡುತ್ತೇನೆಂದೆ. ಎಸ್ಟೇಟುಗಳ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಯಾರೂ ಇಂಥದ್ದು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲವೆನ್ನಿ.

ಇಲ್ಲಿ ಸ್ವಲ್ಪ ಊಟದ ಪಂಕ್ತಿಗೆ ಬನ್ನಿ. ಆಪರೇಟಿಂಗ್ ಸಿಸ್ಟಂ ಎಂಬುದು ಒಳ್ಳೆಯ ಬಡಿಸುವವನ ಹಾಗೆ. ನೀವು ಫೈಲಿನ ಮೊದಲ ತುಂಡು ಓದಿದಿರಿ, ಎರಡನೆಯದು ಓದಿದಿರಿ. ಮೂರನೆಯದನ್ನು ಕೇಳುವ ಮೊದಲೇ ಡಿಸ್ಕಿನಿಂದ ತಂದು ಪಕ್ಕದಲ್ಲಿ ನಿಂತಿರುತ್ತದೆ. ನೀವು ಉಣ್ಣುತ್ತಿರುವಾಗಲೇ ಅದರ ಓಡಾಟ. ಆದರೆ ಅದರದ್ದು ಬರೀ ಅಂದಾಜು. ಈ ವಿಡಿಯೊ ಮುಗಿದರೆ ಮುಂದೆ ಯಾವುದೆಂದು ಪ್ರೋಗ್ರಾಮಿಗಷ್ಟೇ ಗೊತ್ತು. ಹಾಗಾದರೆ ಮುಂದಾಗಿ ಓದಿಡುವ ಕೆಲಸವೂ ನನ್ನ ಪ್ರೋಗ್ರಾಮಿನದೇ ಆಗಲಿ ಎಂದುಕೊಂಡು ಸಿಸ್ಟಮ್ಮಿಗೆ ಒಂದು ಸಾಲು ಬರೆದೆ: ನಾನು ಸಾಲಾಗಿ ಅಲ್ಲ, ಅಲ್ಲಲ್ಲಿ ಓದುವವನು, ಮೊದಲೇ ತಂದಿಡುವುದು ಬೇಡ.

ನಮ್ಮ ಕಡೆ ಎಲೆಗೆ ಕೈ ಅಡ್ಡ ಹಿಡಿದು ಬೇಡ ಎಂದರೆ ಬೆರಳ ಸಂದಿಯಲ್ಲೇ ಪಾಯಸ ಇಳಿಯುತ್ತದೆ. ಮೊದಲನೆಯ ಬೇಡವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿಸ್ಟಮ್ಮೂ ಹಾಗೆಯೇ, ಬೇಡವೆಂದರೂ ನಾಲ್ಕು ತುತ್ತು ಹೆಚ್ಚಿಗೆ ತಂದೇ ತರುತ್ತದೆಂದು ಒಳಗೊಳಗೇ ನಂಬಿದ್ದೆ. ಅದಕ್ಕೆ ಮಲೆನಾಡಿನ ಉಪಚಾರ ತಿಳಿಯದು. ಕೈಕಟ್ಟಿ ನಿಂತುಬಿಟ್ಟಿತು.

ಅಪ್ಪ ಮಗಳು ಬಂದು ಕುಳಿತರು. ವಿಡಿಯೊ ಹೊರಟಿತು. ನನ್ನ ಪ್ರೋಗ್ರಾಂ ತಾನೇ ಉಣ್ಣಬೇಕು, ತಾನೇ ಎದ್ದು ಅಡುಗೆಮನೆಗೆ ಹೋಗಿ ತರಬೇಕು. ಅದು ಎದ್ದಾಗಲೆಲ್ಲ ಡಿಸ್ಕು ಟಿಕ್ ಟಿಕ್ ಎಂದಿತು, ಚಿತ್ರ ನಿಂತಿತು. ಅಕ್ಷತೆ ಎತ್ತಿದ ಕೈಗಳು ಎತ್ತಿದಂತೆಯೇ ಉಳಿದವು. ತಾಳಿ ಕೊರಳಿನಿಂದ ಗೇಣು ದೂರದಲ್ಲಿ ಕಾಯುತ್ತಿತ್ತು.

"ಇದು ಫೋಟೊನಾ, ವಿಡಿಯೊನಾ ಮಾರಾಯ?" ಎಂದರು ಗುರುಶಾಂತಪ್ಪನವರು. ಸುಮಾ ಬಾಯಿಗೆ ಕೈ ಅಡ್ಡ ಹಿಡಿದಳು.

ಅವರು ಹೋದ ಮೇಲೆ ಆ ಸಾಲು ಅಳಿಸಿದೆ. ಮುಂದಿನ ಫೈಲು ಯಾವುದೆಂದು ಮಾತ್ರ ಸಿಸ್ಟಮ್ಮಿಗೆ ತಿಳಿಸಿ, ತರುವ ಕೆಲಸ ಅದಕ್ಕೇ ಬಿಟ್ಟೆ. ತಾಳಿ ಸಲೀಸಾಗಿ ಕಟ್ಟಿಯಾಯಿತು. ನೋಡುವವರಿರಲಿಲ್ಲ.

ಮರುದಿನ ಗುರುಶಾಂತಪ್ಪನವರೇ ಫೋನ್ ಮಾಡಿ, ಮಾತುಕತೆ ಮುಂದುವರಿಸೋಣವೇ ಎಂದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ಚನ್ನೇಶನಿಗೆ ಇನ್ನೂ ನಾಚಿಕೆ. ಹೇಗೂ ಇನ್ನೆರಡು ಸಲ ಒತ್ತಾಯ ಮಾಡುತ್ತಾರೆಂಬ ಧೈರ್ಯದಲ್ಲಿ, "ಈಗ್ಲೇ ಬೇಡ ಬಿಡಿ," ಎಂದ.

ಆಯಿತು ಎಂದು ಅವರು ಫೋನಿಟ್ಟರು. ವ್ಯಾಪಾರಸ್ಥರು, ಒಂದು ಮಾತಿಗೆ ಒಂದೇ ಅರ್ಥ. ಚನ್ನೇಶ ಮಾತ್ರ ಫೋನನ್ನು ಬಹಳ ಹೊತ್ತು ಕಿವಿಯಲ್ಲೇ ಇಟ್ಟುಕೊಂಡಿದ್ದ. ನೀನೇ ತಿರುಗಿ ಮಾಡು ಎಂದರೆ, ಅದು ಮರ್ಯಾದೆಯಲ್ಲವಂತೆ. ಊಟ ಬಿಟ್ಟ, ಯಾರು ಒತ್ತಾಯಿಸಿದರೂ ಬೇಡ ಎಂದ, ಈ ಸಲ ನಿಜವಾಗಿಯೇ.

ಒಂದು ವಾರ ಕಳೆದಿರಬಹುದು. ಸುಮಾ ಪಾಸ್‌ಪೋರ್ಟ್ ಫೋಟೊ ಬೇಕೆಂದು ಬಸ್ಸು ಹತ್ತಿ ಕಳಸಕ್ಕೆ ಬಂದಳು. ಫೋಟೊ ತೆಗೆಯುವವರು ಚಿಕ್ಕಮಗಳೂರಿನಲ್ಲೂ ಇದ್ದರು, ಅವಳಿಗೆ ಅದೇ ಹತ್ತಿರ. ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು ಕ್ಯಾಮೆರಾವನ್ನೇ ನೋಡುತ್ತ ಕೇಳಿದಳು: "ಅಪ್ಪನ ಹತ್ರ ಬೇಡ ಅಂದ್ರಂತೆ. ನಿಜವಾಗ್ಲೂ ಬೇಡ್ವಾ, ಉಪಚಾರಕ್ಕಾ?"

"ಉಪಚಾರಕ್ಕೆ," ಎಂದ ಚನ್ನೇಶ, ಕ್ಯಾಮೆರಾದ ಹಿಂದಿನಿಂದಲೇ.

"ಹಾಗಾದ್ರೆ ನೀವೇ ಫೋನ್ ಮಾಡಿ. ಅವ್ರು ಎರಡನೇ ಸಲ ಕೇಳೋರಲ್ಲ."

ಅವನು ಅಲ್ಲೇ ಮಾಡಿದ. ಮುಂದಿನ ಬೇಸಿಗೆಯಲ್ಲಿ ಅವರ ಮದುವೆಯಾಯಿತು. ವಿಡಿಯೊಗೆ ಮೂಡಿಗೆರೆಯಿಂದ ಬೇರೆಯವರನ್ನು ಕರೆಸಿದ್ದರು.