ಹಳಿಯಾಳದ ಜೂಲಿಯಾನಾ ಮತ್ತು ನನ್ನ ತಕ್ಕಡಿ

ಅಬುಧಾಬಿಯಲ್ಲಿ ಜೂಲಿಯಾನಾಳನ್ನು ಕಂಡವರೆಲ್ಲ ಅವಳು ತಮ್ಮೂರಿನವಳೇ ಎಂದುಕೊಳ್ಳುತ್ತಿದ್ದರು. ಇಥಿಯೋಪಿಯಾದ ಟ್ಯಾಕ್ಸಿ ಚಾಲಕ ಅಮ್ಹಾರಿಕ್‌ನಲ್ಲಿ ಕುಶಲ ಕೇಳುತ್ತಿದ್ದ, ಸುಡಾನಿನ ಅಂಗಡಿಯಾತ ಅರಬ್ಬಿಯಲ್ಲಿ, ಕೀನ್ಯಾದ ಕಾವಲುಗಾರ ಸ್ವಾಹಿಲಿಯಲ್ಲಿ. ಅವಳು ಎಲ್ಲರ ಮಾತನ್ನೂ ಪೂರ್ತಿ ಕೇಳಿಸಿಕೊಂಡು, "ಇಲ್ರೀ ಅಣ್ಣಾರ, ನಾ ಹಳಿಯಾಳದಾಕಿ" ಎಂದು ಅಚ್ಚ ಕನ್ನಡದಲ್ಲಿ ಹೇಳಿ, ಅವರ ಮುಖ ನೋಡಿ ಗಹಗಹಿಸಿ ನಗುತ್ತಿದ್ದಳು.

ಅವರನ್ನು ನೋಡಿ ನಾನು ನಗುವಂತಿರಲಿಲ್ಲ. ಕುಂದಾಪುರದಲ್ಲಿ ಹುಟ್ಟಿ, ಉತ್ತರ ಕನ್ನಡದಲ್ಲಿ ತಲೆಮಾರುಗಳಿಂದ ಇರುವ ಆಫ್ರಿಕಾ ಮೂಲದ ಸಿದ್ದಿಗಳ ವಿಷಯ ಶಾಲೆಯಲ್ಲಿ ಓದಿ ಬಂದ ನಾನೇ ಮೊದಲ ದಿನ ಅವಳೆದುರು ಕೈಸನ್ನೆ ಮಾಡುತ್ತ, ಒಂದೊಂದೇ ಇಂಗ್ಲಿಷ್ ಪದ ಬಿಡಿಸಿ, ನಿಮಗೆ ಇಂಡಿಯಾದ ಊಟ ಇಷ್ಟವೇ ಎಂದು ಕೇಳಿದ್ದೆ. ಎದೆಯ ಮೇಲಿದ್ದ ಅವಳ ಬಿಲ್ಲೆಯಲ್ಲಿ 'ಜೂಲಿಯಾನಾ ಸಿದ್ದಿ' ಎಂದು ದಪ್ಪಕ್ಷರದಲ್ಲೇ ಬರೆದಿತ್ತು. "ರೊಟ್ಟಿ ಪಲ್ಯ ಮಾಡಿದ್ರ ಇವತ್ತ ಬರ್ತೇನ್ರಿ ಅಕ್ಕಾರ" ಎಂದಳು. ಅಂದಿನಿಂದ ನಾನು ಅವಳಿಗೆ ಅಕ್ಕಾರು.

ಅವಳು ನಮ್ಮ ಆಸ್ಪತ್ರೆಯ ಹೆರಿಗೆ ವಿಭಾಗದ ನರ್ಸ್, ನಾನು ಆಹಾರ ತಜ್ಞೆ. ಆ ವರ್ಷ ನಮ್ಮಲ್ಲಿ ಒಂದು ಅಧ್ಯಯನ ನಡೆದಿತ್ತು. ಹೆರಿಗೆಯಾದ ಮೇಲೆ ಕೆಲವು ತಾಯಂದಿರಿಗೆ ಊಟವೇ ವೈರಿಯಾಗುತ್ತದೆ. ಕೆಲವರು ಹಸಿದೇ ಇರುತ್ತಾರೆ, ಕೆಲವರು ಗಬಗಬ ತಿಂದು ಎಲ್ಲವನ್ನೂ ವಾಂತಿ ಮಾಡುತ್ತಾರೆ. ಅಂಥವರನ್ನು ಗುರುತಿಸಿ ಆಪ್ತಸಲಹೆಗೆ ಕಳಿಸುವುದು ಅಧ್ಯಯನದ ಉದ್ದೇಶ, ತಾಯಂದಿರನ್ನು ಸೇರಿಸುವುದು ನನ್ನ ಕೆಲಸ. ಗೋಡೆಗೆ ಹಚ್ಚಲು ಚಿತ್ರ ಆರಿಸಿದವಳೂ ನಾನೇ. ಕಡ್ಡಿಯಂಥ ಒಬ್ಬ ಬಿಳಿ ಹೆಂಗಸು ಸೇಬಿನ ಹಣ್ಣನ್ನು ದುಃಖದಿಂದ ನೋಡುತ್ತಿದ್ದಳು. ಅದನ್ನು ಆರಿಸಿ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಊರಿಗೆ ಫೋಟೋ ಕೂಡ ಕಳಿಸಿದ್ದೆ.

ತಿಂಗಳುಗಳು ಕಳೆದರೂ ಆಫ್ರಿಕಾ ಮೂಲದ ಒಬ್ಬ ಬಾಣಂತಿಯೂ ಅಧ್ಯಯನಕ್ಕೆ ಬರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಮಾತ್ರ ಅವರು ದಿನವೂ ಇರುತ್ತಿದ್ದರು. ಯಾಕೆ ಹೀಗೆ ಎಂದು ನಮ್ಮ ಮುಖ್ಯಸ್ಥೆ, ಐರ್ಲೆಂಡಿನ ಡಾಕ್ಟರ್, ಸಭೆಯಲ್ಲಿ ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಅವರು ಗಟ್ಟಿ ಹೆಂಗಸರು, ಚೆನ್ನಾಗಿ ಉಣ್ಣುತ್ತಾರೆ, ಈ ಕಾಯಿಲೆ ಅವರಲ್ಲಿ ಕಡಿಮೆ ಇರಬೇಕು ಎಂದು ಭಾಷಣ ಬಿಗಿದೆ. ಎಲ್ಲರೂ ತಲೆದೂಗಿದರು. ವಾರ್ಡಿನ ಪರವಾಗಿ ಬಂದಿದ್ದ ಜೂಲಿಯಾನಾ ಮಾತ್ರ ತಲೆ ಆಡಿಸಲಿಲ್ಲ.

ಸಭೆ ಮುಗಿದ ಮೇಲೆ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಅವಳ ಮಗಳಿಗೆ ಆಗ ಐದು ತಿಂಗಳು.

"ಅಕ್ಕಾರ, ನಂಗೂ ಅದ ಐತ್ರಿ. ಕೂಸು ಹುಟ್ಟಿದಾಗಿಂದ. ತಿಂತೇನಿ, ಹೋಗಿ ಕಾರ್ತೇನಿ. ವಾಷಿಂಗ್ ಮಶೀನ್ ಚಾಲೂ ಮಾಡಿ ಕಾರ್ತೇನಿ, ಮನ್ಯಾಗ ಕೇಳಬಾರ್ದಂತ."

"ಎಂತ ಹೇಳ್ತಿ ಮಾರಾಯ್ತಿ! ಡಾಕ್ಟರಿಗೆ ತೋರಿಸ್ಲಿಲ್ವಾ?"

"ತೋರ್ಸೇನ್ರಿ. ಒಬ್ರು ಮೈ ನೋಡಿ ನಕ್ಕರು. ಇನ್ನೊಬ್ರು ಸ್ವಲ್ಪ ಕಡಿಮಿ ತಿನ್ನು ಅಂದ್ರು."

ನಾನು ತಕ್ಷಣ ಪರೋಪಕಾರಿಯಾದೆ. ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದೆ. ನಮ್ಮ ನಿಯಮದ ಪ್ರಕಾರ ತೂಕ ತೀರಾ ಇಳಿದವರಿಗೆ ಮಾತ್ರ ಪ್ರವೇಶ. ಅವಳು ತೂಗುತ್ತಿದ್ದುದು ಅದಕ್ಕಿಂತ ಎಷ್ಟೋ ಹೆಚ್ಚು. ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ನಾನು ಮೆತ್ತಗೆ ಹೇಳಿದೆ. ಅವಳು ಇಳಿದು, ಚಪ್ಪಲಿ ಮೆಟ್ಟಿಕೊಂಡು ನನ್ನನ್ನು ನೋಡಿದಳು.

"ತೂಕ ನೋಡೇ ನಂಬೂದಾದ್ರ ನೀವ್ಯಾಕ್ರಿ ಇಲ್ಲಿ? ತಕ್ಕಡಿಗೇ ಬಿಳೀ ಕೋಟ್ ಹಾಕ್ರಿ."

ಇದೇ ಮಾತನ್ನು ಮುಂದಿನ ಸಭೆಯಲ್ಲಿ ಇಂಗ್ಲಿಷಿನಲ್ಲೂ ಆಡಿದಳು. ಮುಖ್ಯಸ್ಥೆ ತೂಕದ ನಿಯಮವನ್ನು ಮರುಪರಿಶೀಲನೆಗೆಂದು ಆಸ್ಪತ್ರೆಯ ಸಂಶೋಧನಾ ಸಮಿತಿಗೆ ಕಳಿಸಿದರು. ನಿಯಮ ತೆಗೆಯಲು ಸಮಿತಿ ಒಪ್ಪಿತು. ಸೇಬಿನ ಹೆಂಗಸನ್ನು ಗೋಡೆಯಿಂದ ನಾನೇ ಕಿತ್ತೆ. ಅಧ್ಯಯನಕ್ಕೆ ಜೂಲಿಯಾನಾಳ ಹೆಸರು ಬರೆದುಕೊಳ್ಳುವಾಗ, ಪಾಸ್‌ಪೋರ್ಟ್ ನೋಡಿ ಅವಳನ್ನು ಏಷ್ಯಾದವರ ಜೊತೆ ಸೇರಿಸಲು ಹೋದೆ. "ಅದೂ ಹೌದು, ಆಫ್ರಿಕಾನೂ ಹೌದು, ಎರಡೂ ಬರೀರಿ" ಎಂದು ಪಟ್ಟು ಹಿಡಿದಳು. ಕಂಪ್ಯೂಟರ್ ಒಂದನ್ನೇ ಒಪ್ಪುತ್ತದೆ ಎಂದೆ. ಹಾಗಾದರೆ ಕಂಪ್ಯೂಟರಿಗೆ ಕಲಿಸಿ ಎಂದಳು. ಕಲಿಸಿದೆವು.

ಉಳಿದ ತಾಯಂದಿರನ್ನು ಕರೆತಂದವಳೂ ಅವಳೇ. ಆಸ್ಪತ್ರೆಗೆ ಬರಲು ಹಿಂಜರಿಯುತ್ತಿದ್ದವರನ್ನು ಒಂದು ಶುಕ್ರವಾರ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ತಾನು ಬಾಡಿಗೆಗಿದ್ದ ವಿಲ್ಲಾದ ಕೋಣೆಗೆ ಸೇರಿಸಿದಳು. ಘಾನಾ, ನೈಜೀರಿಯಾ, ಕೀನ್ಯಾದ ಹೆಂಗಸರು, ಮಡಿಲಲ್ಲಿ ಕೂಸುಗಳು. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ನಾನು ಡಬ್ಬಿ ತುಂಬ ಗೋಳಿಬಜೆ, ಕಾಯಿ ಚಟ್ನಿ ಒಯ್ದಿದ್ದೆ. ನಮ್ಮ ಕಡೆ ಒತ್ತಾಯ ಮಾಡದೆ ಬಡಿಸಿದರೆ ಮರ್ಯಾದೆಯಲ್ಲ. ಒಬ್ಬೊಬ್ಬರ ಮುಂದೂ ನಿಂತು, ಇನ್ನೊಂದು, ನನಗೋಸ್ಕರ ಒಂದೇ ಒಂದು ಎಂದು ತಟ್ಟೆಗೆ ಹಾಕುತ್ತ ಹೋದೆ. ಘಾನಾದ ತಾಯಿ ತಟ್ಟೆ ಕೆಳಗಿಟ್ಟು, ಕೂಸನ್ನು ಪಕ್ಕದವಳಿಗೆ ಕೊಟ್ಟು ಬಚ್ಚಲಿಗೆ ಹೋದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ಜೂಲಿಯಾನಾ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. "ಅಕ್ಕಾರ, ಇವರು ಒಂದೊಂದ್ ತುತ್ತಿನ ಸಂಗಾಟಾನೂ ಜಗಳಾ ಆಡಿ ಬಂದಾರ. ನೀವು ಬೆನ್ನ ಹತ್ತಿ ಬಡಸ್ತೀರಲ್ರಿ! ಖಲಾಸ್, ಸುಮ್ನ ಕೂಡ್ರಿ. ಅವರು ಮಾತಾಡ್ಲಿ."

ಊಟದ ಕಾಯಿಲೆಯ ಅಧ್ಯಯನದಲ್ಲಿ ರೋಗಿಗಳಿಗೆ ಉಪಚಾರ ಮಾಡಿ ಕಾಯಿಲೆ ಹೆಚ್ಚಿಸಿದ ತಜ್ಞೆ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಘಾನಾದ ತಾಯಿ ಹೊರಬಂದ ಮೇಲೆ ಜೂಲಿಯಾನಾ ಮೊದಲು ತನ್ನ ಕತೆ ಹೇಳಿದಳು, ಆಮೇಲೆ ಒಬ್ಬೊಬ್ಬರೂ ಹೇಳಿದರು. ಅಂದು ಬಂದವರೆಲ್ಲ ಅಧ್ಯಯನಕ್ಕೆ ಸೇರಿದರು. ಗೋಳಿಬಜೆಯಷ್ಟನ್ನೂ ಕಾರಿನಲ್ಲಿ ಕೂತು ನಾನೇ ತಿಂದೆ.

ಜೂಲಿಯಾನಾಳ ಆಪ್ತಸಲಹೆ ಶುರುವಾಗಿತ್ತು. ವಾಂತಿ ಕಡಿಮೆಯಾಗುತ್ತಿದೆ ಎಂದು ಅವಳೇ ಹೇಳಿದ್ದಳು. ಅಷ್ಟರಲ್ಲಿ ಅವಳ ಗಂಡನ ಹೋಟೆಲ್ ಕೆಲಸ ಹೋಯಿತು. ಒಬ್ಬಳ ಸಂಬಳದಲ್ಲಿ ಬಾಡಿಗೆ ಕಟ್ಟಿ, ಮೂವರ ಸಂಸಾರ ನಡೆಸಲು ಆಗುವುದಿಲ್ಲವೆಂದು ಲೆಕ್ಕ ಹಾಕಿ ಊರಿಗೆ ಹೊರಟಳು. ಚಿಕಿತ್ಸೆ ಅರ್ಧಕ್ಕೇ ನಿಂತಿತು. ಬೇಡ, ಇನ್ನು ಸ್ವಲ್ಪ ದಿನ ಇರು ಎಂದು ಎಷ್ಟು ಅಂಗಲಾಚಿದೆನೋ! ನನಗೆ ಅಷ್ಟು ದುಃಖವಾಗಿತ್ತು.

ವಿಮಾನ ನಿಲ್ದಾಣದಲ್ಲಿ ಹುಬ್ಬಳ್ಳಿಯ ಒಬ್ಬ ಮನೋವೈದ್ಯರ ನಂಬರನ್ನು ಅವಳ ಫೋನಿಗೆ ಹಾಕಿಕೊಟ್ಟೆ. ತಪ್ಪದೆ ಹೋಗು, ತಡಮಾಡಬೇಡ ಎಂದು ನನ್ನ ಎಂದಿನ ಭಾಷಣವನ್ನೂ ಸೇರಿಸಿದೆ. ಅವಳು ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಅಂದು ಅವಳು ನಗಲಿಲ್ಲ.

"ಅಕ್ಕಾರ, ಆ ಡಾಕ್ಟರು ನನ್ನ ನೋಡಿ ನಂಬ್ತಾರೇನ್ರಿ?"

"ನಂಬ್ತಾರೆ ಮಾರಾಯ್ತಿ" ಎಂದೆ. ಅವಳು ನನ್ನ ಭುಜ ತಟ್ಟಿ, ನನಗೆ ಬೇಜಾರಾಗಬಾರದೆಂದು ನಂಬಿದವಳಂತೆ ತಲೆಯಾಡಿಸಿ ಒಳಗೆ ಹೋದಳು.