ಅಪ್ಪನ ಪರ ವಾದ

ಮಾತಿಗೆ ನಿಂತರೆ ನಮ್ಮ ಬಳಗದ ಅಕ್ಕನ ಎರಡೂ ಕೈ ನಡುಗುತ್ತಿದ್ದವು. ಮೇಜಿನ ಅಂಚು ಹಿಡಿದರೆ ಮೇಜೇ ಅಲುಗುತ್ತಿತ್ತು. "ಈ ಕೈ ನನ್ನ ಮಾತು ಕೇಳಂಗಿಲ್ಲ, ನೀವರ ಕೇಳ್ರಿ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಆದರೆ ಎದ್ದು ಮಾತಾಡುವ ಸರದಿ ಬಂದರೆ ನಮಗೂ ಅಂಜಿಕೆಯೇ.

ಡಿಗ್ರಿ ಮುಗಿಸಿ ಲಾ ಓದಬೇಕೆಂದಿದ್ದ ರಾಣೆಬೆನ್ನೂರಿನ ನಾಲ್ಕೈದು ಜನರನ್ನು ಸೇರಿಸಿ ಬಳಗ ಕಟ್ಟಿದವರು ಅವರು. ಹುಬ್ಬಳ್ಳಿಯಲ್ಲಿ ಲಾ ಓದುತ್ತ, ನಮಗಾಗಿ ಭಾನುವಾರ ಬಸ್ಸಿಗೆ ಬರುತ್ತಿದ್ದರು. ಅವರ ಊರು ಇಲ್ಲೇ ಹತ್ತಿರದ ಮೇಡ್ಲೇರಿಯಾದರೂ ಅತ್ತ ಸುಳಿಯದೆ ಸಂಜೆಯೇ ಹಿಂದಿರುಗುತ್ತಿದ್ದರು. ಯಾಕೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಬರಬರುತ್ತ ಹಾವೇರಿಯವರು, ಬ್ಯಾಡಗಿಯವರು ಕೂಡಿಕೊಂಡರು. ಬ್ಯಾಡಗಿಯಲ್ಲಿ ಅಣಕು ನ್ಯಾಯಾಲಯ ನಡೆಸಿದರೆ ಮೆಣಸಿನಕಾಯಿ ಘಾಟಿಗೆ ವಾದಿ, ಪ್ರತಿವಾದಿ, ನ್ಯಾಯಾಧೀಶ ಎಲ್ಲರೂ ಕೆಮ್ಮುವವರೇ! ಬಳಗಕ್ಕೆ ಅಕ್ಕ ಹಾಕಿದ್ದು ಒಂದೇ ಕಟ್ಟಳೆ: ನಿನಗೆ ಒಪ್ಪದ ಪಕ್ಷದ ಪರ ಮೊದಲು ವಾದಿಸಬೇಕು.

ಕಾಲೇಜಿಗೆ ಅರ್ಜಿ ಹಾಕುವ ಕೊನೆಯ ವಾರ ಬಂದರೂ ನಮ್ಮಪ್ಪ ನನ್ನ ಓದಿಗೆ ಒಪ್ಪಿರಲಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ಅಕ್ಕನ ಮುಂದೆ ಅತ್ತುಬಿಟ್ಟೆ.

"ಅಳೋದು ಆಮ್ಯಾಲ. ಇವತ್ತ ನೀ ನಿಮ್ಮಪ್ಪನ ವಕೀಲ. ಏಳು."

ಸಿಟ್ಟಿನಿಂದಲೇ ಎದ್ದೆ. ಹುಡುಗಿ ಒಬ್ಬಳೇ ಓಡಾಡಬೇಕು, ಕತ್ತಲಾದ ಮೇಲೆ ಬಸ್ಸಿಳಿಯಬೇಕು, ನಾಳೆ ಕೇಸು ಸೋತವನು ದಾರಿಯಲ್ಲಿ ಅಡ್ಡಗಟ್ಟಿದರೆ ಯಾರಿದ್ದಾರೆ? ಅಪ್ಪನ ಮಾತುಗಳನ್ನು ಹೇಳುತ್ತ ಹೇಳುತ್ತ ನನ್ನ ಸಿಟ್ಟು ಇಳಿಯಿತು. ಇಷ್ಟು ದಿನ ಅದನ್ನು ಹಟ ಅಂದುಕೊಂಡಿದ್ದೆ. ಅಪ್ಪ ಹೆದರಿದ್ದರು.

ಮನೆಗೆ ಹೋಗಿ, "ಅಪ್ಪಾ, ನಿನಗ ನನ್ನ ಸಲುವಾಗಿ ಅಂಜಿಕಿ ಐತಿ, ಹೌದಲ್ಲ?" ಎಂದೆ.

ಅಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಹೌದವಾ, ಐತಿ" ಎಂದರು.

"ನನಗೂ ಐತಿ" ಎಂದೆ. ಮರುದಿನ ಅರ್ಜಿ ಕೊಡಲು ಅವರೇ ಜೊತೆಗೆ ಬಂದರು.

ಅಕ್ಕನಿಗೆ ತಿಳಿಸಿ ಕೇಳಿದೆ, "ಅಕ್ಕಾರ, ನಿಮ್ಮಪ್ಪನ ಪರ ಯಾರು ವಾದ ಮಾಡಿದ್ರು?"

"ಯಾರೂ ಇಲ್ಲ. ನಾ ಬರೇ ಜಗಳಾಡಿ ಹೊರಬಿದ್ದೆ. ಅಪ್ಪ ಇನ್ನೂ ಮಾತಾಡಂಗಿಲ್ಲ. ನಿಮಗ ಹಂಗ ಆಗಬಾರದು ಅಂತ ಈ ಬಳಗ."

ಓದು ಮುಗಿಸಿ ನಾನು ವಕೀಲರ ಕರಿಕೋಟು ತೊಟ್ಟ ದಿನ ಅಕ್ಕ ಮನೆಗೆ ಬಂದರು. ಬಂದವರೇ ನಮ್ಮಪ್ಪನ ಕಾಲಿಗೆ ಬಾಗಿದರು. ನನ್ನಿಂದ ಎಲ್ಲ ಕೇಳಿದ್ದ ಅಪ್ಪ ಅಂದೇ ಅಕ್ಕನ ಅಪ್ಪನನ್ನು ಕಾಣಲು ಮೇಡ್ಲೇರಿಗೆ ಹೊರಟರು. ಅವರು ಬರುವವರೆಗೆ ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ, ಒಂದು ತುತ್ತು ಉಣ್ಣಲಿಲ್ಲ.

ಸಂಜೆ ಅಪ್ಪ ಬಂದವರೇ, "ನಿಮ್ಮಪ್ಪಗೂ ಅಂಜಿಕಿನ ಇತ್ತವಾ. ನಾಳೆ ಊಟಕ್ಕ ಬಾ ಅಂದಾರ" ಎಂದರು.

ಅಕ್ಕನ ಕೈಗಳನ್ನು ನಾನು ಹಿಡಿದುಕೊಂಡೆ. ನನ್ನವೂ ನಡುಗುತ್ತಿದ್ದವು.